ಇರುಳನ್ನು ಅಳೆಯುವ ಜೋಳ

ಹುಬ್ಬಳ್ಳಿ-ಧಾರವಾಡದ ಸುತ್ತಣ ಹೊಲಗಳಲ್ಲಿ ನಾವು ಕಾಣುವ ಜೋಳಕ್ಕೆ ಗಡಿಯಾರವಿಲ್ಲ. ಹಾಗಾದರೆ ಹೂ ಬಿಡುವ ಕಾಲವನ್ನು ಅದು ಅರಿಯುವುದೆಂತು? ಇರುಳಿನ ಉದ್ದವನ್ನು ಅಳೆದು! ಇಲ್ಲಿ ವರ್ಷದ ಅತಿ ದೀರ್ಘ ಹಾಗೂ ಅತಿ ಹ್ರಸ್ವ ಇರುಳುಗಳಿಗೆ ಎರಡು ಗಂಟೆಯಷ್ಟೂ ಅಂತರವಿಲ್ಲ; ಆದರೂ ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ನೆರವಿನಿಂದ ಗಿಡವು ಅದನ್ನು ಗುರುತಿಸುತ್ತದೆ. ಮುಂಗಾರಿನಲ್ಲಿ ಬಿತ್ತಿದ ಹಳೆಯ ನಾಡತಳಿಗಳು ಇರುಳು ದೀರ್ಘವಾದ ಮೇಲೆಯೇ, ಮಳೆ ಹಿಂದೆಗೆಯುವ ಹೊತ್ತಿಗೆ, ತೆನೆ ಬಿಡುತ್ತಿದ್ದವು.

ಇರುಳಿಗಾಗಿ ಕಾಯದೆ, ವಯಸ್ಸು ತುಂಬಿದೊಡನೆ ಹೂ ಬಿಡುವ ಸಸ್ಯಗಳೂ ಉಂಟು. ರಷ್ಯದ ಕಾಡುಗಾಂಜಾ ಅಂಥದು. ಜೋಳದಲ್ಲಿಯೂ ಈ ಗುಣವನ್ನು ತರಬಹುದು. ಕಾಯಿಸುವ ಮುಖ್ಯ ಜೀನು ಪ್ರಬಲವಾದುದು. ಆದುದರಿಂದ ಕಾಯುವ ಗಿಡವನ್ನೂ ಕಾಯದ ಗಿಡವನ್ನೂ ಸಂಕರಿಸಿದರೆ ಮೊದಲ ಪೀಳಿಗೆಯೆಲ್ಲ ಕಾಯುತ್ತದೆ; ಎರಡನೆಯದರಲ್ಲಿ ಸುಮಾರು ನಾಲ್ಕರಲ್ಲೊಂದು ಗಿಡವು ಬೇಗ ಹೂ ಬಿಡುತ್ತದೆ. ತಳಿಗಾರನು ಅದನ್ನೇ ಆರಿಸಿ ಬೀಜ ಹಿಡಿಯುತ್ತಾನೆ.

೧೯೬೪ರಲ್ಲಿ ಬಂದ ಭಾರತದ ಮೊದಲ ಸಂಕರ ಜೋಳ ಸಿ.ಎಸ್.ಎಚ್.-೧ ಬೇಗ ಮಾಗುವ ಗಿಡ್ಡ ತಳಿ. ಇಳುವರಿಯೇನೋ ಹೆಚ್ಚಿತು; ಆದರೆ ಬೇಗ ಮಾಗುವ ಇಂಥ ತಳಿಗಳ ಕಾಳು ಮಳೆಯಲ್ಲಿಯೇ ಬಲಿತು ಬೂಷ್ಟು ಹಿಡಿಯತೊಡಗಿತು. ಹಳೆಯ ಜೋಳವು ತಡಮಾಡಿ ಕಾಳನ್ನು ಕಾಯುತ್ತಿತ್ತೆಂಬುದು ಆಗ ಸ್ಪಷ್ಟವಾಯಿತು. ಆದುದರಿಂದಲೇ ಮುಂಗಾರಿ ಜೋಳದ ತಳಿಗಾರರು ಇಂದು ಬೇಗ ಮಾಗುವ ಗುಣದೊಡನೆ ಬೂಷ್ಟನ್ನು ತಡೆಯುವ ಶಕ್ತಿಯನ್ನೂ ಅರಸುತ್ತಾರೆ.