ಮಿತಾಹಾರ ಮತ್ತು ಅರೆಹೊಟ್ಟೆ

ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೊಟ್ಟೆಬಾಕನನ್ನು ಎಚ್ಚರಿಸುವುದಕ್ಕೆ ಇದಕ್ಕಿಂತ ಹರಿತವಾದ ಮಾತು ಬೇಕಿಲ್ಲ. ಆದರೆ ಗಾದೆಯು ಹೊತ್ತುಗಳನ್ನು ಎಣಿಸಿತೇ ಹೊರತು ತಟ್ಟೆಯಲ್ಲಿ ಏನಿತ್ತೆಂಬುದನ್ನು ನೋಡಲಿಲ್ಲ. ಒಪ್ಪೊತ್ತು ಉಣ್ಣುವವನು ವಿರಕ್ತನಿರಬಹುದು. ಎರಡನೆಯ ಹೊತ್ತಿಗೆ ಮನೆಯಲ್ಲಿ ಹಿಟ್ಟಿಲ್ಲದ ಕೂಲಿಕಾರನೂ ಇರಬಹುದು. ಮೊದಲನೆಯವನದು ಮಿತಾಹಾರ, ಎರಡನೆಯವನದು ಅರೆಹೊಟ್ಟೆ. ನೋಡುವವರ ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಂಡರೂ ದೇಹವು ಅವೆರಡನ್ನು ಬೇರೆ ಬೇರೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಊಟವನ್ನು ತಗ್ಗಿಸಿದರೆ ಆಯುಷ್ಯ ಹೆಚ್ಚುವುದೆಂಬ ಮಾತು ಎಲ್ಲೆಡೆ ಹಬ್ಬುತ್ತಿರುವ ಈ ದಿನಗಳಲ್ಲಿ ಈ ಭೇದವನ್ನು ವಿಚಾರಿಸಿ ನೋಡುವುದು ಉಚಿತ.

ದೀರ್ಘಾಯುಷಿಯೊಬ್ಬರನ್ನು ತೋರಿಸಿ, ಇದೆಲ್ಲ ಮಿತವಾಗಿ ಉಂಡುದರ ಫಲ ಎಂದುಬಿಡುವುದು ಲೋಕರೂಢಿ. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಅಧಿಪತಿಗಳಾಗಿ, ನಿಜಾಮರ ಆಳ್ವಿಕೆಯಲ್ಲಿಯೂ ಮಕ್ಕಳಿಗೆ ಕನ್ನಡ ಕಲಿಸಿ, ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರ ನೆನಪು ಈ ಭಾಗದವರಿಗೆ ಇಂಥ ಸಂದರ್ಭದಲ್ಲಿ ಬರುವುದು ಸಹಜ. ಆದರೆ ಒಬ್ಬರ ಬಾಳಿನಲ್ಲಿ ವಂಶದ ಪಾಲೆಷ್ಟು, ದುಡಿಮೆಯ ಪಾಲೆಷ್ಟು, ಮನಶ್ಶಾಂತಿಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. ಅದಕ್ಕಾಗಿಯೇ ವಿಜ್ಞಾನಿಗಳು ಪ್ರಯೋಗದ ಮೊರೆಹೋದರು.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ ಮತ್ತು ಅವರ ಸಂಗಡಿಗರು, ಕ್ಯಾಲೊರಿಗಳನ್ನು ತಗ್ಗಿಸಿ ಆದರೆ ಜೀವಸತ್ತ್ವ, ಲವಣಗಳಿಗೆ ಕೊರತೆಯಾಗದಂತೆ ಸಾಕಿದ ಇಲಿಗಳು ಹೆಚ್ಚು ಕಾಲ ಬದುಕಿದುದನ್ನು ಪ್ರಕಟಿಸಿದರು. ಮುಂದೆ ಕೋತಿಗಳ ಮೇಲೆ ಎರಡು ಕಡೆ ದೀರ್ಘ ಪ್ರಯೋಗಗಳು ನಡೆದವು. ಅಲ್ಪಾಹಾರದ ಕೋತಿಗಳು ಹೆಚ್ಚು ಬಾಳಿದವೆಂದು ವಿಸ್ಕಾನ್ಸಿನ್ನಿನವರು 2009ರಲ್ಲಿ ವರದಿ ಮಾಡಿದರೆ, ಆಯುಷ್ಯ ಹೆಚ್ಚಲಿಲ್ಲವೆಂದು ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆಯವರು 2012ರಲ್ಲಿ ಹೇಳಿದರು. ಎರಡೂ ಕಡೆಯ ಕೋತಿಗಳ ಮೇವು ಒಂದೇ ಆಗಿರಲಿಲ್ಲ. ವಿಸ್ಕಾನ್ಸಿನ್ನಿನ ಮೇವಿನಲ್ಲಿ ಸಕ್ಕರೆಯ ಪ್ರಮಾಣ ಬಹಳ ಹೆಚ್ಚಾಗಿತ್ತು. ಎಷ್ಟು ತಿಂದವೆಂಬುದರಷ್ಟೇ ಏನು ತಿಂದವೆಂಬುದೂ ಮುಖ್ಯವೆಂಬುದನ್ನು ಈ ಭಿನ್ನ ಫಲಿತಾಂಶ ತೋರಿಸಿತು.

ಇನ್ನು ಮನುಷ್ಯರ ಮಾತು. ಸ್ಥೂಲಕಾಯರಲ್ಲದ 218 ಜನರನ್ನು ಕೂಡಿಸಿ ಅಮೆರಿಕದಲ್ಲಿ ಎರಡು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅವರಲ್ಲಿ 143 ಜನರು ಶೇಕಡಾ 25ರಷ್ಟು ಕ್ಯಾಲೊರಿ ಕಡಿಮೆ ಮಾಡಬೇಕೆಂದು ಗೊತ್ತುಮಾಡಲಾಗಿತ್ತು. ಸಾಧ್ಯವಾದದ್ದು ಸುಮಾರು ಶೇಕಡಾ 12 ಮಾತ್ರ. ಅಷ್ಟರಿಂದಲೇ ಅವರ ರಕ್ತದೊತ್ತಡ, ರಕ್ತದ ಕೊಬ್ಬು ಇಳಿದವು. ಆದರೆ ಸೊಂಟದ ಮತ್ತು ಬೆನ್ನಿನ ಎಲುಬುಗಳ ಸಾಂದ್ರತೆಯೂ ಇಳಿಯಿತು. ಪ್ರತ್ಯೇಕವಾಗಿ ಜೀವಸತ್ತ್ವ, ಸುಣ್ಣದ ಅಂಶಗಳನ್ನು ಕೊಟ್ಟು, ವೈದ್ಯರ ನಿಗಾದಲ್ಲಿ ಇರಿಸಿದ್ದವರ ಸ್ಥಿತಿ ಇದು. ಮಿತಾಹಾರದಿಂದ ಮನುಷ್ಯನ ಆಯುಷ್ಯ ಹೆಚ್ಚುವುದೆಂದು ಇನ್ನೂ ಯಾರೂ ಸಿದ್ಧಪಡಿಸಿಲ್ಲ. ಕೆಲವು ರೋಗಗಳ ಸಂಭವ ತಗ್ಗಬಹುದೆಂಬುದು ಮಾತ್ರ ಇಂದಿನ ಮಟ್ಟಿಗೆ ಹೇಳಬಹುದಾದ ಮಾತು.

ಕ್ಯಾಲೊರಿಯೇ ಬೇರೆ, ಪೋಷಣೆಯೇ ಬೇರೆ ಎಂಬ ಪಾಠವನ್ನು ಕಲಿಯಲು ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಜೋಳವನ್ನೇ ನೆಚ್ಚಿದ ದಖ್ಖನ್ನಿನ ಬಡಜನರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ತಾಗುವ ಚರ್ಮ ಕಪ್ಪಿಟ್ಟು ಸುಲಿಯುವುದು, ಭೇದಿ, ಬುದ್ಧಿಭ್ರಮೆ ಇದರ ಲಕ್ಷಣಗಳು. ನಯಾಸಿನ್ ಎಂಬ ಜೀವಸತ್ತ್ವದ ಅಭಾವವೇ ಕಾರಣ. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಈ ರೋಗಕ್ಕೂ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಸಂಬಂಧವಿರಬೇಕೆಂದು ವಾದಿಸಿದರು. ಜೋಳದ ತಪ್ಪು ಇದರಲ್ಲಿ ದೊಡ್ಡದೇನಲ್ಲ; ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಹಾಲುಮಜ್ಜಿಗೆ ಇಲ್ಲದೆ ಹೋದದ್ದೇ ದೊಡ್ಡ ತಪ್ಪು. ರೊಟ್ಟಿಯಿಂದ ಹೊಟ್ಟೆ ತುಂಬಿದವನೇ ಹೀಗೆ ಸೊರಗಬಹುದಾದರೆ, ಆ ರೊಟ್ಟಿಯನ್ನೂ ಅರ್ಧಕ್ಕಿಳಿಸಿದವನ ಗತಿಯೇನು?

ಆದುದರಿಂದ ಮಿತಾಹಾರವನ್ನು ಬಯಸುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಯಾವುದನ್ನು ಬಿಡಬಾರದು ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಗಣನೆಯಂತೆ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ ಸುಮಾರು 2110 ಕ್ಯಾಲೊರಿ, 54 ಗ್ರಾಂ ಸಸಾರಜನಕ ಬೇಕು. ಅಂಥ ಅಧ್ಯಾಪಕರೊಬ್ಬರು ಎರಡೆರಡು ಚಮಚ ಸಕ್ಕರೆ ಹಾಕಿದ ನಾಲ್ಕು ಕಪ್ಪು ಚಹವನ್ನು ಸಕ್ಕರೆಯಿಲ್ಲದೆ ಕುಡಿದರೆ 160 ಕ್ಯಾಲೊರಿ ತಗ್ಗಿತು. ಒಗ್ಗರಣೆಯಲ್ಲಿ ತಮ್ಮ ಪಾಲಿಗೆ ಬರುವ ಎಣ್ಣೆಯಲ್ಲಿ ಎರಡು ಚಮಚ ಕಡಿಮೆಯಾದರೆ ಇನ್ನು 90. ಒಟ್ಟು 250, ಎಂದರೆ ಶೇಕಡಾ 12ರಷ್ಟು. ಅಮೆರಿಕದ ಪ್ರಯೋಗದಲ್ಲಿ ಸಾಧ್ಯವಾದದ್ದೂ ಇಷ್ಟೇ ಅಲ್ಲವೆ? ಇದರಲ್ಲಿ ರೊಟ್ಟಿಗೂ ಬೇಳೆಗೂ ಕೈ ಹಾಕಿದಂತಾಗಲಿಲ್ಲ.

ಉಳಿದ ತಟ್ಟೆ ಹೀಗಿರಬಹುದು: 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ, 60 ಗ್ರಾಂ ಬೇಳೆ, 250 ಗ್ರಾಂ ಮೊಸರು, 20 ಗ್ರಾಂ ಶೇಂಗಾ, ಧಾರಾಳವಾಗಿ ಪಲ್ಯ, ಒಂದು ಹಣ್ಣು, ನಾಲ್ಕು ಚಮಚ ಎಣ್ಣೆ. ಇವು ಸುಮಾರು 1850 ಕ್ಯಾಲೊರಿಗಳೊಳಗೆ ಬೇಕಾದಷ್ಟು ಸಸಾರಜನಕವನ್ನು ಕೊಡುತ್ತವೆ. ಮೆಂತ್ಯ, ಪುಂಡಿಪಲ್ಯ, ರಾಜಗಿರಿಗಳು ಹೊಟ್ಟೆಯನ್ನು ತುಂಬಿಸುತ್ತವೆ, ಕ್ಯಾಲೊರಿಯನ್ನು ಏರಿಸವು. ಮೇಲೆ ನಿಂಬೆ ಹಿಂಡಿದರೆ ಕಾಳುಸೊಪ್ಪುಗಳ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹ ಕುಡಿದರೆ ಅದು ತಗ್ಗುತ್ತದೆ. ಬಿ12 ಜೀವಸತ್ತ್ವ ಹಾಲು, ಮೊಟ್ಟೆ, ಮಾಂಸಗಳಲ್ಲಿ ಮಾತ್ರ ದೊರೆಯುವುದರಿಂದ ಇವೆಲ್ಲವನ್ನೂ ಬಿಟ್ಟವರು ಅದನ್ನು ಔಷಧರೂಪದಲ್ಲಿ ತೆಗೆದುಕೊಳ್ಳಲೇಬೇಕು.

ಇಂಥ ಊಟದ ಮಾದರಿಯನ್ನು ಈ ನಾಡಿನ ಒಕ್ಕಲಿಗರು ಎಂದೋ ಕಂಡುಕೊಂಡಿದ್ದಾರೆ. ಎಳ್ಳಮಾವಾಸ್ಯೆಯ ದಿನ ಬೀದರ್, ಭಾಲ್ಕಿ, ಔರಾದಗಳ ಹೊಲಗಳಲ್ಲಿ ಬಡಿಸುವ ಭಜ್ಜಿಯು ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಆ ಕಾಲದ ಹಸಿಕಾಳು, ಹಲವು ಸೊಪ್ಪು, ತರಕಾರಿಗಳು ಒಂದೇ ಪಾತ್ರೆಯಲ್ಲಿ ಬೆಂದ ಮೇಲೋಗರ. ಅದರ ಜೊತೆಗೆ ರೊಟ್ಟಿ, ಜೋಳದ ಹಿಟ್ಟು ಮಜ್ಜಿಗೆಗಳ ಅಂಬಲಿ. ವರ್ಷಕ್ಕೊಮ್ಮೆ ಹಬ್ಬವೆಂದು ಉಣ್ಣುವುದನ್ನು ವಾರಕ್ಕೆರಡು ಸಲ ಉಂಡರೆ ಯಾವ ಪಥ್ಯದ ಪುಸ್ತಕವೂ ಬೇಕಾಗದು. ಹಬ್ಬದ ಹೋಳಿಗೆಯನ್ನು ಮಾತ್ರ ಹಬ್ಬಕ್ಕೇ ಬಿಡತಕ್ಕದ್ದು.

ಇನ್ನು ಈ ವ್ರತ ಯಾರಿಗೆ ಸಲ್ಲದು? ಬೆಳೆಯುವ ಮಕ್ಕಳಿಗೆ, ಹರೆಯದವರಿಗೆ, ಗರ್ಭಿಣಿಯರಿಗೆ, ಮೊಲೆಯೂಡುವ ತಾಯಂದಿರಿಗೆ, ಕ್ಷಯ ಮೊದಲಾದ ರೋಗಗಳಿಂದ ಬಳಲಿದವರಿಗೆ, ಸೊರಗಿದ ವೃದ್ಧರಿಗೆ ಸರ್ವಥಾ ಸಲ್ಲದು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ತಗ್ಗಿಸಿದರೆ ರಕ್ತದ ಸಕ್ಕರೆ ಕುಸಿದು ಅಪಾಯವಾದೀತು. ಈಗಾಗಲೇ ತೆಳ್ಳಗಿರುವವರೂ ದೂರವಿರಬೇಕು: 160 ಸೆಂಟಿಮೀಟರ್ ಎತ್ತರದವರ ತೂಕ 47 ಕಿಲೋಗಿಂತ ಕಡಿಮೆಯಿದ್ದರೆ ಅವರಿಗೆ ಬೇಕಾದದ್ದು ಇನ್ನೂ ಒಂದು ರೊಟ್ಟಿ. ಆರಂಭಿಸಿದವರು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಲಿ. ತಲೆಸುತ್ತು, ಸದಾ ಚಳಿ, ಕೂದಲುದುರುವಿಕೆ, ಮುಟ್ಟು ನಿಲ್ಲುವುದು ಇವು ಕಂಡರೆ ಒಡನೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಲಿ. ಹಗಲಿರುಳೂ ಅನ್ನದ ಚಿಂತೆಯೇ ಹತ್ತಿಕೊಳ್ಳುವುದು ಇನ್ನೊಂದು ಲಕ್ಷಣ. 1944-45ರಲ್ಲಿ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಾಗ ಆ ಸ್ವಸ್ಥ ತರುಣರು ಖಿನ್ನರಾಗಿ, ಅಡುಗೆಯ ಪುಸ್ತಕಗಳನ್ನು ಓದುತ್ತ ಕುಳಿತರು.

ಕಡೆಯದಾಗಿ ಒಂದು ಮಾತನ್ನು ಹೇಳಲೇಬೇಕು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದೆ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ತಿಳಿಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಏಳುವ ತಾಯಿಯನ್ನು ಅಲ್ಪಾಹಾರಿ ಎಂದು ಹೊಗಳುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಆ ತಾಯಿಯನ್ನು ನೋಡಿ ಬೆಳೆದ ಮಗಳು ವಿದ್ಯಾರ್ಥಿನಿಲಯದಲ್ಲಿ ತೆಳ್ಳಗಾಗುವ ಆಸೆಯಿಂದ ಬೆಳಗಿನ ತಿಂಡಿಯನ್ನು ಬಿಡುತ್ತಾಳೆ. ಇಬ್ಬರದೂ ಮಿತಾಹಾರವಲ್ಲ. ಮನೆಯ ಯಜಮಾನರು ತಮ್ಮ ಆಯುಷ್ಯಕ್ಕಾಗಿ ಊಟವನ್ನು ತಗ್ಗಿಸಲು ಹೊರಟರೆ ಸಂತೋಷ. ಆದರೆ ಅದಕ್ಕೆ ಮುಂಚೆ ಒಂದು ವಾರ ಎಲ್ಲರಿಗಿಂತ ಕಡೆಗೆ ಉಣ್ಣುವವರ ತಟ್ಟೆಗೆ ಎಷ್ಟು ಬೇಳೆ, ಎಷ್ಟು ಪಲ್ಯ, ಎಷ್ಟು ಮಜ್ಜಿಗೆ ಬೀಳುತ್ತದೆಂಬುದನ್ನು ಅವರು ನೋಡಲಿ. ಅಳತೆಯ ಕೆಲಸ ಅಲ್ಲಿಂದ ಮೊದಲಾಗಬೇಕು.