ಕ್ರಿಮಿಘ್ನ ಮೂಲಿಕೆಗಳು: ಹಳೆಯ ಗ್ರಂಥಗಳಲ್ಲಿ ಹೊಸ ಮದ್ದಿನ ಶೋಧ

ಮನುಷ್ಯನ ಕರುಳಿನಲ್ಲಿ ನೆಲೆಸುವ ಹುಳುಗಳ ಉಪದ್ರವವು ಪ್ರಾಚೀನವಾದದ್ದು; ಅವುಗಳನ್ನು ಹೊರಹಾಕಲು ಮನುಷ್ಯನು ಹೂಡಿದ ಉಪಾಯಗಳೂ ಅಷ್ಟೇ ಪ್ರಾಚೀನ. ಮಣ್ಣಿನ ಮೂಲಕ ಹರಡುವ ದುಂಡುಹುಳು, ಕೊಕ್ಕೆಹುಳು, ಚಾವಟಿಹುಳುಗಳಿಂದ ಪೀಡಿತರಾದವರು ಜಗತ್ತಿನಲ್ಲಿ ಸುಮಾರು 150 ಕೋಟಿ ಮಂದಿ ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮ ದೇಶದಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಕೊಡಲಾಗುತ್ತಿದೆ. ಹೀಗೆ ಅಗ್ಗವಾದ ಮಾತ್ರೆಯೊಂದು ಕೈಯಲ್ಲಿರುವಾಗ ಹಳೆಯ ಮೂಲಿಕೆಗಳ ವಿಚಾರವೇಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವನ್ನೂ, ಆ ಶೋಧದಲ್ಲಿ ಇತಿಹಾಸದ ಅಭ್ಯಾಸಿಯು ಮಾಡಬಹುದಾದ ಕೆಲಸವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಇಂದು ಬಳಕೆಯಲ್ಲಿರುವ ಮದ್ದುಗಳು ಕೆಲವೇ. 1961ರಲ್ಲಿ ಥಯಾಬೆಂಡಜೋಲ್ ಬಳಕೆಗೆ ಬಂದಿತು. ಆಲ್ಬೆಂಡಜೋಲ್, ಮೆಬೆಂಡಜೋಲ್‌ಗಳು ಅದೇ ವಂಶದವು. ಆ ಮೊದಲ ಮದ್ದು ಬಂದ ಕೆಲವೇ ವರ್ಷಗಳಲ್ಲಿ ಕುರಿಗಳ ಹೊಟ್ಟೆಯ ಹುಳುಗಳು ಅದಕ್ಕೆ ಬಗ್ಗದಿರುವುದು ಕಂಡುಬಂದಿತು. ಇಂದು ಅನೇಕ ದೇಶಗಳ ಕುರಿಸಾಕಣೆಗೆ ಇದೊಂದು ದೊಡ್ಡ ಪೀಡೆಯಾಗಿದೆ. ಮನುಷ್ಯರ ವಿಷಯದಲ್ಲಿಯೂ ಚಾವಟಿಹುಳುವಿನ ಮೇಲೆ ಒಂದೇ ಮಾತ್ರೆಯ ಪ್ರಭಾವ ಅಲ್ಪ. ಕೋಟ್ಯಂತರ ಮಕ್ಕಳು ಒಂದೇ ವಂಶದ ಮದ್ದನ್ನು ನೆಚ್ಚಿರುವಾಗ, ಬೇರೆ ಬಗೆಯಲ್ಲಿ ಕೆಲಸಮಾಡುವ ಮದ್ದನ್ನು ಮುಂಚಿತವಾಗಿಯೇ ಹುಡುಕಿಟ್ಟುಕೊಳ್ಳುವುದು ವಿವೇಕ. ಹುಡುಕಬೇಕಾದ ಕ್ಷೇತ್ರಗಳಲ್ಲಿ ಪರಂಪರೆಯ ವೈದ್ಯವೂ ಒಂದು.

ಪ್ರಾಚೀನರ ಮಾತನ್ನು ನಂಬಲು ಆಧಾರವೇನು? ಜ್ವರವು ಮದ್ದಿನಿಂದ ಇಳಿಯಿತೋ ತಾನಾಗಿ ಇಳಿಯಿತೋ ಎಂದು ಹೇಳುವುದು ಕಷ್ಟ. ಆದರೆ ಹುಳುವಿನ ರೋಗದಲ್ಲಿ ಫಲವು ಕಣ್ಣಿಗೆ ಕಾಣುತ್ತದೆ. ಒಂದು ಗೇಣನ್ನೂ ಮೀರುವ ದುಂಡುಹುಳುವಾಗಲಿ ಹಲವು ಮೀಟರ್ ಉದ್ದದ ಲಾಡಿಹುಳುವಾಗಲಿ ಹೊರಬಿದ್ದರೆ ಯಾರೂ ಅದನ್ನು ಕಾಣದಿರಲಾರರು. ಆದುದರಿಂದ ಈ ಎರಡು ಹುಳುಗಳ ವಿಷಯದಲ್ಲಿ ಹಳೆಯ ಸಾಕ್ಷ್ಯಕ್ಕೆ ವಿಶೇಷ ಬೆಲೆಯುಂಟು. ಕೊಕ್ಕೆಹುಳುವಿನ ಮಾತು ಬೇರೆ. ಅದರ ಉದ್ದ ಸುಮಾರು 1 ಸೆಂಟಿಮೀಟರ್ ಮಾತ್ರ. ಇಟಲಿಯ ವೈದ್ಯ ಆಂಜೆಲೊ ಡುಬಿನಿಯು ಮನುಷ್ಯನ ಕರುಳಿನಲ್ಲಿ ಅದನ್ನು ಗುರುತಿಸಿದ್ದು 1838ರಲ್ಲಿ. ವರ್ಣಿಸಿ ಪ್ರಕಟಿಸಿದ್ದು 1843ರಲ್ಲಿ. ಆದ್ದರಿಂದ ಒಂದು ಮೂಲಿಕೆಯು ‘ಸರ್ವಕ್ರಿಮಿಹರ’ವೆಂದು ಹಳೆಯ ಗ್ರಂಥವು ಹೊಗಳಿದರೆ, ಆ ಹೊಗಳಿಕೆಯನ್ನು ಕೊಕ್ಕೆಹುಳುವಿಗೂ ಅನ್ವಯಿಸುವುದು ಸಾಧುವಲ್ಲ.

ಗ್ರಂಥಗಳ ಭಾಷೆಯನ್ನು ಅರಿಯುವುದು ಎರಡನೆಯ ಕೆಲಸ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳ ವಿಂಗಡಣೆಯಿದೆ. ಅದರಲ್ಲಿ ಕರುಳಿನ ಹುಳುಗಳಲ್ಲದೆ ಮೈಮೇಲಿನ ಹೇನುಗಳೂ, ರಕ್ತದಲ್ಲಿರುವ, ಕಣ್ಣಿಗೆ ಕಾಣದ ಕ್ರಿಮಿಗಳೂ ಸೇರಿವೆ. ‘ಕ್ರಿಮಿ’ ಎಂಬ ಪದವನ್ನು ಕಂಡೊಡನೆ ಜಂತುಹುಳುವೆಂದು ಅರ್ಥಮಾಡಿದರೆ ಪರೀಕ್ಷೆಯು ಆರಂಭದಲ್ಲಿಯೇ ದಾರಿತಪ್ಪುತ್ತದೆ. ಚಿಕಿತ್ಸೆಗೆ ಆ ಅಧ್ಯಾಯವು ಮೂರು ಮೆಟ್ಟಿಲುಗಳನ್ನು ಹೇಳುತ್ತದೆ: ಕ್ರಿಮಿಯನ್ನು ಹೊರಸೆಳೆಯುವ ಅಪಕರ್ಷಣ, ಅದು ಬೆಳೆಯುವ ಸ್ಥಿತಿಯನ್ನೇ ಕೆಡಿಸುವ ಪ್ರಕೃತಿವಿಘಾತ, ರೋಗಕಾರಣವನ್ನು ದೂರವಿಡುವ ನಿದಾನಪರಿವರ್ಜನ. ಮೂಲಿಕೆಯ ಜೊತೆಗೆ ವಿರೇಚನವೂ ಇಲ್ಲಿ ವಿಧಿಸಲ್ಪಟ್ಟಿದೆ. ಹೀಗಿರುವಾಗ ಹುಳು ಹೊರಬಿದ್ದದ್ದು ಮೂಲಿಕೆಯಿಂದಲೋ ಭೇದಿಯಿಂದಲೋ ಎಂದು ಬೇರ್ಪಡಿಸಿ ನೋಡದೆ ತೀರ್ಮಾನಕ್ಕೆ ಬರಲಾಗದು. ಅನೇಕ ಕ್ರಿಮಿಘ್ನಗಳು ಹುಳುವನ್ನು ಕೊಲ್ಲದೆ ಅದರ ಹಿಡಿತವನ್ನು ಮಾತ್ರ ಸಡಿಲಿಸುತ್ತವೆಯಾದುದರಿಂದ, ಎರಡನ್ನೂ ಕೂಡಿಸಿದ ವಿಧಿಯಲ್ಲಿ ಅರ್ಥವಿದ್ದೀತು ಎಂಬುದನ್ನೂ ಮರೆಯಬಾರದು.

ಹಳೆಯ ಗ್ರಂಥದಲ್ಲಿದ್ದೂ ಮರೆತುಹೋದ ಮದ್ದಿಗೆ ಯೂರೋಪಿನ ಚರಿತ್ರೆಯಲ್ಲಿ ಸ್ವಾರಸ್ಯವಾದ ನಿದರ್ಶನವಿದೆ. ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯನೊಬ್ಬನ ವಿಧವೆ ನೂಫರ್ ಎಂಬಾಕೆ ಲಾಡಿಹುಳುವಿಗೆ ಗುಪ್ತ ಮದ್ದೊಂದನ್ನು ಕೊಡುತ್ತಿದ್ದಳು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯು 1775ರಲ್ಲಿ 18,000 ಲಿವ್ರ್ ತೆತ್ತು ಆ ಗುಟ್ಟನ್ನು ಕೊಂಡನು. ಅದು ಒಂದು ಬಗೆಯ ಜರೀಗಿಡದ ಗೆಡ್ಡೆಯ ಪುಡಿ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸನು ಜರೀಗಿಡದ ಈ ಗುಣವನ್ನು ಆಗಲೇ ಬರೆದಿಟ್ಟಿದ್ದನು. ಬೊಕ್ಕಸದ ಹಣ ತೆತ್ತು ಕೊಂಡ ರಹಸ್ಯವು ಗ್ರಂಥಭಂಡಾರದಲ್ಲಿ ಬಹುಕಾಲದಿಂದ ಬಿದ್ದಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಮೂಲಿಕೆಯ ಸತ್ತ್ವವನ್ನು ಬೇರ್ಪಡಿಸುವ ವಿದ್ಯೆಯು ಬೆಳೆಯಿತು. ಮಧ್ಯ ಏಷ್ಯದ ಆರ್ಟಿಮೀಸಿಯ ಗಿಡದ ಮೊಗ್ಗುಗಳಿಂದ 1830ರಲ್ಲಿ ಸ್ಯಾಂಟೊನಿನ್ ದೊರೆಯಿತು. ದಾಳಿಂಬೆಯ ತೊಗಟೆಯಿಂದ ಫ್ರೆಂಚ್ ರಸಾಯನಜ್ಞ ಟಾನ್ರೆಯು 1878ರಲ್ಲಿ ಪೆಲೆಟಿಯರಿನನ್ನು ತೆಗೆದನು. ನಮ್ಮ ಅಡಿಗೆಮನೆಯ ಓಮದಲ್ಲಿರುವ ಥೈಮಾಲ್ ಎಂಬ ವಸ್ತುವನ್ನೇ 1909ರಲ್ಲಿ ಆರಂಭವಾದ ರಾಕ್‌ಫೆಲರ್ ಆಯೋಗವು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ಬಳಸಿತು. ಜಪಾನಿನ ಜನರು ಹುಳುವಿಗೆ ಸೇವಿಸುತ್ತಿದ್ದ ಕಡಲಪಾಚಿಯೊಂದರಿಂದ 1953ರಲ್ಲಿ ಕೈನಿಕ್ ಆಮ್ಲವು ಲಭಿಸಿತು.

ಹಾಗಾದರೆ ಇವುಗಳು ಏಕೆ ಮೂಲೆಗುಂಪಾದವು? ಗುಣಮಾಡುವ ಪ್ರಮಾಣಕ್ಕೂ ಕೇಡುಮಾಡುವ ಪ್ರಮಾಣಕ್ಕೂ ಅಂತರ ಅತ್ಯಲ್ಪವಾಗಿದ್ದುದೇ ಮುಖ್ಯ ಕಾರಣ. ಸ್ಯಾಂಟೊನಿನ್ ಸೇವಿಸಿದವರಿಗೆ ಜಗತ್ತೆಲ್ಲ ಹಳದಿಯಾಗಿ ಕಾಣುತ್ತಿದ್ದುದುಂಟು. ಜರೀಗಿಡದ ಸತ್ತ್ವವು ಕೆಲವರ ದೃಷ್ಟಿಯನ್ನೇ ಕಳೆಯಿತು. ಅಮೆರಿಕದ ಕೀನೊಪೋಡಿಯಂ ಎಣ್ಣೆಯಿಂದ ಸಾವುಗಳೂ ಸಂಭವಿಸಿದವು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂಬ ನಂಬಿಕೆಗೆ ಈ ಚರಿತ್ರೆಯೇ ತಕ್ಕ ಉತ್ತರ. ಆದರೆ ಬದಿಗೆ ಸರಿಸಿದ ಮದ್ದೂ ವ್ಯರ್ಥವಲ್ಲ: ಅದು ಹುಳುವಿನ ಯಾವ ಮರ್ಮಕ್ಕೆ ತಾಗುತ್ತದೆಂಬುದು ತಿಳಿದರೆ, ಅದೇ ಮರ್ಮಕ್ಕೆ ತಾಗುವ ಸೌಮ್ಯವಾದ ವಸ್ತುವನ್ನು ಅರಸಬಹುದು.

ಭಾರತದಲ್ಲಿಯೂ ಈ ಪರೀಕ್ಷೆಗಳು ನಡೆದವು. ಮದರಾಸು ಪ್ರಾಂತದ ಕೊಕ್ಕೆಹುಳು ವಿಚಾರಣೆಗೆ ಸಂಬಂಧಿಸಿದಂತೆ ಕೈಯಸ್ ಮತ್ತು ಮ್ಹಸ್ಕರ್ ಎಂಬ ವಿದ್ವಾಂಸರು 1919ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಮದ್ದುಗಳ ರಾಸಾಯನಿಕ ರಚನೆಗೂ ಅವುಗಳ ಗುಣಕ್ಕೂ ಇರುವ ಸಂಬಂಧವನ್ನು ಕುರಿತು ಲೇಖನಮಾಲೆಯನ್ನು ಪ್ರಕಟಿಸಿದರು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ರಾಮನಾಥ ಚೋಪ್ರಾ ಅವರು ಚಾಂಡ್ಲರ್ ಅವರೊಡನೆ 1928ರಲ್ಲಿ ಕ್ರಿಮಿಘ್ನಗಳನ್ನು ಕುರಿತ ಗ್ರಂಥವನ್ನೂ, 1933ರಲ್ಲಿ ದೇಶೀಯ ಔಷಧಗಳನ್ನು ಕುರಿತ ಗ್ರಂಥವನ್ನೂ ಹೊರತಂದರು. ಪರಂಪರೆಯನ್ನು ಕಣ್ಣುಮುಚ್ಚಿ ಒಪ್ಪದೆ, ಕಣ್ಣುಮುಚ್ಚಿ ತಳ್ಳಿಯೂ ಹಾಕದೆ, ಒಂದೊಂದನ್ನೇ ಒರೆಗೆ ಹಚ್ಚುವುದು ಅವರ ಮಾರ್ಗವಾಗಿತ್ತು.

ನಮ್ಮ ನಾಡಿನಲ್ಲಿ ಪರಿಚಿತವಾದ ಗಿಡಗಳೂ ಈ ಪಟ್ಟಿಯಲ್ಲಿವೆ. ವಾಯುವಿಳಂಗದಲ್ಲಿ ಎಂಬೆಲಿನ್, ಮುತ್ತುಗದ ಬೀಜದಲ್ಲಿ ಪಲಾಸೋನಿನ್, ಕುಂಕುಮದ ಮರದ ಕಾಯಿಯ ಮೇಲಿನ ಕೆಂಪು ಪುಡಿಯಲ್ಲಿ ರಾಟ್ಲರಿನ್ ಎಂಬ ವಸ್ತುಗಳಿವೆ. ಅಡಕೆಯಲ್ಲಿರುವ ಅರೆಕೊಲಿನ್ ನಾಯಿಗಳ ಲಾಡಿಹುಳುವನ್ನು ಹೊರಹಾಕಲು ಪಶುವೈದ್ಯರಿಗೆ ಉಪಯೋಗಕ್ಕೆ ಬಂದಿತ್ತು. ಆದರೆ ಅಡಕೆಯನ್ನು ಅಗಿಯುವುದು ಬಾಯಿಯ ಅರ್ಬುದಕ್ಕೆ ಕಾರಣವೆಂಬುದೂ ಸಿದ್ಧಪಟ್ಟ ವಿಷಯ. ಪರಂಗಿಯ ಹಾಲಿನಲ್ಲಿರುವ ಪ್ರೋಟೀನು ಕರಗಿಸುವ ಕಿಣ್ವಗಳು ಹುಳುವಿನ ಹೊರಚರ್ಮವನ್ನೇ ಜೀರ್ಣಿಸುತ್ತವೆಂದು ಇಲಿ, ಕುರಿಗಳಲ್ಲಿ ನಡೆಸಿದ ಪ್ರಯೋಗಗಳು ತೋರಿಸಿವೆ. ಈಗಿನ ಮಾತ್ರೆಗಳು ಕೆಲಸಮಾಡುವ ಬಗೆಗಿಂತ ಇದು ಭಿನ್ನವಾದುದರಿಂದ ಗಮನಾರ್ಹ.

ಗ್ರಂಥವು ಗಿಡದ ಹೆಸರನ್ನಷ್ಟೇ ಅಲ್ಲ, ಸಂಸ್ಕಾರದ ಕ್ರಮವನ್ನೂ ಹೇಳಬಲ್ಲದು. ಮಲೇರಿಯದ ಪರೋಪಜೀವಿಯು ಕರುಳಿನದಲ್ಲವಾದರೂ ಚೀನದ ತೂ ಯೂಯೂ ಅವರ ಉದಾಹರಣೆ ಇಲ್ಲಿ ಬೋಧಪ್ರದ. ಆರ್ಟಿಮೀಸಿಯ ಕುಲದ ಗಿಡವೊಂದರ ಸತ್ತ್ವವು ಒಮ್ಮೆ ಫಲಿಸಿ ಒಮ್ಮೆ ಸೋಲುತ್ತಿತ್ತು. ನಾಲ್ಕನೆಯ ಶತಮಾನದ ಗೆ ಹೊಂಗ್‌ನ ಗ್ರಂಥದಲ್ಲಿ ಗಿಡವನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯುವ ವಿಧಿಯನ್ನು ಓದಿದ ಅವರು, ಕಾವೇ ಗುಣವನ್ನು ಕೆಡಿಸುತ್ತಿರಬಹುದೆಂದು ಊಹಿಸಿ, 1971ರಲ್ಲಿ ಕಡಮೆ ಉಷ್ಣದಲ್ಲಿ ಈಥರಿನಿಂದ ಸತ್ತ್ವವನ್ನು ತೆಗೆದು ಸಫಲರಾದರು. 2015ರ ನೊಬೆಲ್ ಪಾರಿತೋಷಕದಲ್ಲಿ ಅರ್ಧವು ಅವರಿಗೆ ಸಂದಿತು. ಉಳಿದರ್ಧವು ಹುಳುಗಳಿಗೆ ಮದ್ದಾದ ಅವರ್ಮೆಕ್ಟಿನನ್ನು ಕಂಡುಹಿಡಿದ ಓಮುರ ಮತ್ತು ಕ್ಯಾಂಬೆಲ್ ಅವರಿಗೆ ದೊರೆಯಿತು; ಅದರ ಮೂಲ ಜಪಾನಿನ ಮಣ್ಣಿನ ಸೂಕ್ಷ್ಮಜೀವಿ, ಯಾವ ಪ್ರಾಚೀನ ಗ್ರಂಥವೂ ಅಲ್ಲ. ಶೋಧಕ್ಕೆ ದಾರಿ ಒಂದೇ ಅಲ್ಲವೆಂಬುದನ್ನು ಆ ವರ್ಷದ ಪಾರಿತೋಷಕವೇ ಸಾರುತ್ತದೆ.

ಇತಿಹಾಸಕಾರನು ಮದ್ದನ್ನು ಕಂಡುಹಿಡಿಯಲಾರನು. ಆದರೆ ಯಾವ ಪದಕ್ಕೆ ಯಾವ ಕಾಲದಲ್ಲಿ ಯಾವ ಅರ್ಥವಿತ್ತು, ಯಾವ ಭಾಗವನ್ನು ಯಾವ ಅನುಪಾನದೊಡನೆ ಕೊಡುತ್ತಿದ್ದರು, ಒಂದು ಮಾತು ಸ್ವಂತ ಅನುಭವವೋ ಹಿಂದಿನವರ ಪ್ರತಿಯೋ ಎಂಬುದನ್ನು ಅವನು ನಿರ್ಣಯಿಸಿಕೊಡಬಲ್ಲನು. ಈ ಕೆಲಸಕ್ಕೆ ಅವಧಿಯೂ ಅಪರಿಮಿತವಲ್ಲ. ವಾಯುವಿಳಂಗವು ಪಶ್ಚಿಮಘಟ್ಟದ ಕಾಡುಗಳಲ್ಲಿ ವಿರಳವಾಗುತ್ತಿದೆ. ಅಂಗಡಿಗಳಲ್ಲಿ ಅದರ ಹೆಸರಿನಲ್ಲಿ ಅದೇ ಕುಲದ ಬೇರೊಂದು ಬಳ್ಳಿಯ ಕಾಯಿ ಮಾರಾಟವಾಗುವುದುಂಟು. ಪರೀಕ್ಷೆಗೆ ಬಂದ ಕಾಯಿ ಗ್ರಂಥದ ವಿಡಂಗವೇ ಅಲ್ಲದಿದ್ದರೆ ಸೋಲಿನಿಂದಲೂ ಗೆಲವಿನಿಂದಲೂ ಏನೂ ಸಿದ್ಧವಾಗದು. ಓಲೆಗರಿಯನ್ನು ಓದಬಲ್ಲವರು, ಗಿಡವನ್ನು ಗುರುತಿಸಬಲ್ಲವರು, ಹುಳುವಿನ ಮೊಟ್ಟೆಯನ್ನು ಎಣಿಸಬಲ್ಲವರು ಒಂದೇ ಮೇಜಿನ ಸುತ್ತ ಕುಳಿತಾಗಲೇ ಈ ಶೋಧವು ಶಾಸ್ತ್ರೀಯವಾದೀತು. ಅಲ್ಲಿಯವರೆಗೆ ಮಕ್ಕಳಿಗೆ ವೈದ್ಯರು ಕೊಡುವ ಮಾತ್ರೆಯೇ ಮದ್ದು. ಪಾಯಖಾನೆ, ಶುದ್ಧವಾದ ನೀರು, ಕಾಲಿಗೆ ಪಾದರಕ್ಷೆ ಇವೇ ನಮ್ಮ ಕಾಲದ ನಿದಾನಪರಿವರ್ಜನ.