ಸುರಪುರದ ಟೇಲರ್ ಮಂಜಿಲ್

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಗುಡ್ಡದ ಮೇಲೊಂದು ಹಳೆಯ ಬಂಗಲೆಯಿದೆ. ಅದರ ಹೆಸರು ಟೇಲರ್ ಮಂಜಿಲ್. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಹದಿನೈದರ ಎಳೆವಯಸ್ಸಿನಲ್ಲೇ ಭಾರತಕ್ಕೆ ಬಂದವರು. ನಿಜಾಮನ ಸೇವೆಯಲ್ಲಿದ್ದ ಅವರನ್ನು 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಕಳುಹಿಸಲಾಯಿತು.

ಪರದೇಶದಲ್ಲಿ ಅಧಿಕಾರಿಯ ಬಾಳು ಸುಖದ್ದೆಂದು ಭಾವಿಸುವುದುಂಟು. ಟೇಲರರ ದಿನಗಳು ಹಾಗಿರಲಿಲ್ಲ. ರೈತರ ದೂರು ಕೇಳುವುದು, ಕಂದಾಯದ ಲೆಕ್ಕ ನೋಡುವುದು, ರಸ್ತೆ ಮಾಡಿಸುವುದು ಎಲ್ಲವೂ ಅವರ ಪಾಲಿಗಿತ್ತು. ಭೂಮಾಪನ, ಕಾನೂನು ಮೊದಲಾದವನ್ನು ಗುರುವಿಲ್ಲದೆ ಕಲಿತರು. ಬೋನಾಳದ ಕೆರೆಯನ್ನು ವಿಸ್ತರಿಸಿದರು. ಬಿಡುವಿನಲ್ಲಿ ಚಿತ್ರ ಬರೆಯುವರು. ರಾಜನಕೋಳೂರಿನ ಪ್ರಾಚೀನ ಶಿಲಾಸಮಾಧಿಗಳನ್ನು ಪರಿಶೀಲಿಸುವರು. ಪತ್ನಿ ಮೇರಿ ತೀರಿಕೊಂಡಿದ್ದರು, ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿದ್ದರು. ಆ ಒಂಟಿತನದಲ್ಲಿ, ಅವರನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದವನು ಬಾಲಕ ರಾಜ ವೆಂಕಟಪ್ಪನಾಯಕ.

1853ರಲ್ಲಿ ಪ್ರಾಪ್ತವಯಸ್ಕನಾದ ರಾಜನಿಗೆ ಆಡಳಿತವನ್ನು ಒಪ್ಪಿಸಿ ಟೇಲರರು ನಳದುರ್ಗಕ್ಕೆ ಹೊರಟರು. ಎಷ್ಟೇ ಅಕ್ಕರೆಯಿದ್ದರೂ ಅವರು ಪರಕೀಯ ಆಡಳಿತದ ಅಧಿಕಾರಿಯೇ, ಇದನ್ನು ಮರೆಯುವಂತಿಲ್ಲ. 1858ರಲ್ಲಿ ವೆಂಕಟಪ್ಪನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತನು, ಸೋತು ಸೆರೆಯಾದನು. ಸೆರೆಮನೆಗೆ ಬಂದ ಟೇಲರರು, ಪ್ರೇರೇಪಿಸಿದವರ ಹೆಸರು ಹೇಳಿದರೆ ಕ್ಷಮೆ ದೊರೆಯಬಹುದೆಂದರು. ರಾಜನು ಯಾರ ಹೆಸರನ್ನೂ ಹೇಳಲಿಲ್ಲ. ಅದೇ ವರ್ಷ, ಸೆರೆಯಾಳಾಗಿ ಮದರಾಸಿನತ್ತ ಸಾಗುವ ದಾರಿಯಲ್ಲಿ, ಗುಂಡು ತಗುಲಿ ಮಡಿದನು.

ಟೇಲರರು ನಿಧನರಾದ ಮರುವರ್ಷ, 1877ರಲ್ಲಿ, ಅವರ ಆತ್ಮಕಥೆ ಪ್ರಕಟವಾಯಿತು. ಸೆರೆಮನೆಯ ಆ ಭೇಟಿಯ ವೃತ್ತಾಂತ ಅದರಲ್ಲಿದೆ.